ಗೋಡೆಯ ಮೇಲಿನ ಡಬ್ಬಿ

ಮಡಕಶಿರದಲ್ಲಿ ನಮ್ಮ ಮನೆಯ ಗೋಡೆ ಪಾವಗಡದ ಬಸ್ ನಿಲ್ಲುವ ಜಾಗಕ್ಕೆ ಎದುರಾಗಿದೆ. ಮಗಳು ಗಂಗೋತ್ರಿ ಜಿಲ್ಲಾ ಮಟ್ಟದ ಓಟದಲ್ಲಿ ಮೊದಲು ಬಂದ ಮೇಲೆ ಆ ಗೋಡೆಯನ್ನು ಕೇಳಿಕೊಂಡು ಚಂದ್ರಮೋಹನ್ ಎಂಬ ಜಾಹೀರಾತಿನವನು ಬಂದ. ಹಾಲಿಗೆ ಬೆರೆಸುವ ‘ವಜ್ರಬಲ’ ಪುಡಿಯ ಕಂಪನಿಯವನು. ಮಗಳ ಚಿತ್ರ ಬರೆಸುತ್ತಾರೆಂದು ನನ್ನ ಗಂಡ ನರೇಶ್ ಹಿಗ್ಗಿ ಒಪ್ಪಿಬಿಟ್ಟರು.

ಮುಖ ಅವಳದೇ, ಮೈಬಣ್ಣ ಮಾತ್ರ ಯಾರದೋ. ಪಕ್ಕದಲ್ಲಿ ಆಳೆತ್ತರದ ಡಬ್ಬಿ. ಮೇಲೆ, ‘ಗಂಗೋತ್ರಿಯ ಓಟದ ಗುಟ್ಟು!’

ನನ್ನ ಮಗಳು ಆ ಪುಡಿಯನ್ನು ನಾಲಿಗೆಗೂ ಸೋಕಿಸಿದವಳಲ್ಲ. ಬೆಳಿಗ್ಗೆ ರಾಗಿ ಅಂಬಲಿ, ಸಂಜೆ ಬೇಯಿಸಿದ ಕಡಲೇಕಾಯಿ. ಅಂಬಲಿಯ ಮೀಸೆ ಒರೆಸಿಕೊಳ್ಳುತ್ತ ಅವಳು ಸ್ಕೂಲಿಗೆ ಓಡುವುದನ್ನು ಬೀದಿಯೆಲ್ಲ ನೋಡಿದೆ. ಆದರೂ ಎದುರುಮನೆಯ ನರಸಮ್ಮ ಮೊಮ್ಮಗನಿಗೆ ಡಬ್ಬಿ ತಂದಳು.

“ಅದು ಸುಳ್ಳು ಕಣಕ್ಕ. ಅವ್ಳು ಕುಡಿಯಾದು ಅಂಬ್ಲಿ, ನೀನೇ ನೋಡಿದ್ದೀಯಲ್ಲ,” ಎಂದೆ ನಲ್ಲಿಯ ಹತ್ತಿರ.

“ಅಂಬ್ಲಿ ನಾವೂ ಕುಡ್ದಿದ್ದೀವಮ್ಮ. ನಾವ್ಯಾಕೆ ಓಡ್ಲಿಲ್ಲ? ನಮ್ ಹುಡ್ಗ ಮುಂದೆ ಬಂದ್ರೆ ನಿಂಗೇನ್ ಉರಿ?”

ಕೊಡ ಹಿಡಿದು ನಿಂತವರೆಲ್ಲ ನಕ್ಕರು.

ಈ ಮಾತು ಚಂದ್ರಮೋಹನನಿಗೆ ತಲುಪಿತು. ಜಗಳಕ್ಕೆ ಬರುತ್ತಾನೆ ಎಂದುಕೊಂಡೆ. ಪೇಂಟರನ್ನು ಕರೆದುಕೊಂಡು ಬಂದ. ಚಿತ್ರದ ಕೆಳಗೆ ಹೊಸ ಸಾಲು ಬರೆಸಿದ: ‘ಅವರಮ್ಮನನ್ನು ಕೇಳಿ ನೋಡಿ, ಗುಟ್ಟು ಬಿಡೋದಿಲ್ಲ!’

“ಥೂ! ಇದೇನಪ್ಪ ಇದು?”

“ಸೂಪರ್ ಐಡಿಯಾ ಅಮ್ಮಾ. ನೀವು ಇಲ್ಲ ಅಂದಷ್ಟೂ ಮಾಲ್ ಹೋಗ್ತೈತೆ.”

“ಮಕ್ಳು ಕುಡಿಯೋ ಪದಾರ್ಥ. ಕೈ ಮುಗೀತೀನಿ, ಅಳ್ಸು.”

“ರಾಗಿ ಎಲ್ರ ಮನೇಲೂ ಐತಲ್ಲಮ್ಮ. ಮನೇಲಿರೋದನ್ನ ಯಾರ್ ನಂಬ್ತಾರೆ?”

ಅವನು ಕೊಟ್ಟುಹೋದ ಡಬ್ಬಿ ತೆರೆದೆ. ಸಕ್ಕರೆ, ಅದಕ್ಕೆ ತಲೆನೋವು ಬರಿಸುವಂಥ ಅತ್ತರಿನ ವಾಸನೆ. ಚಿಟಿಕೆ ಬಾಯಿಗಿಟ್ಟೆ. ಎಷ್ಟು ಮುಕ್ಕಳಿಸಿದರೂ ಅಂಟು ಹೋಗಲಿಲ್ಲ. ನಾನಾಡಿದ ನಿಜವನ್ನೇ ಇದರ ಜೊತೆ ಮಾರುತ್ತಿದ್ದಾನಲ್ಲ ಎಂದು ನೆನೆದು ಮತ್ತೊಮ್ಮೆ ಉಗಿದೆ.

ಮಾರನೆಯ ಬೆಳಿಗ್ಗೆ ಗಂಗೋತ್ರಿ ಅಂಬಲಿಯ ಲೋಟ ಹಿಡಿದು ಮೂಸಿ ನೋಡಿದಳು.

“ಅಮ್ಮಾ, ನಿಜ ಹೇಳು. ನಂಗೊತ್ತಾಗ್ದಂಗೆ ಇದ್ರಲ್ಲಿ ಆ ಪುಡಿ ಬೆರೆಸ್ತಿದ್ದೆ ಅಲ್ವಾ?”

ಊರು ನಂಬದಿದ್ದರೆ ಹಾಳಾಗಲಿ. ಇವಳು ನನ್ನ ಕೈತುತ್ತು ತಿಂದು ಬೆಳೆದವಳು. ಗದರಲಿಲ್ಲ. ಪಾತ್ರೆ, ರಾಗಿಹಿಟ್ಟು, ಉಪ್ಪು, ಮಜ್ಜಿಗೆ ಅವಳ ಮುಂದಿಟ್ಟೆ.

“ಇನ್ಮೇಲೆ ನೀನೇ ಕಾಯ್ಸ್ಕೊ ಬಂಗಾರ. ನಾನು ಹತ್ರಾನೂ ಬರಲ್ಲ.”

ಮೊದಲ ದಿನ ಗಂಟು ಗಂಟಾಯಿತು. ಆಮೇಲೆ ಕೈ ಪಳಗಿತು. ಆ ಶನಿವಾರ ಗ್ರೌಂಡಿನಿಂದ ಏದುಸಿರು ಬಿಡುತ್ತ ಬಂದು, ಬೆವರಿನ ಮೈಯಲ್ಲೇ ಅಪ್ಪಿಕೊಂಡಳು. “ಮೊದ್ಲಿನಷ್ಟೇ ಜೋರಾಗಿ ಓಡ್ದೆ ಅಮ್ಮಾ. ಬರೀ ರಾಗೀಲೇ.”

ಮಗಳ ಮಾತು ಕೇಳಿಸಿಕೊಂಡಿದ್ದ ನರೇಶ್ ಭಾನುವಾರ ತಾವಾಗಿಯೇ ಸುಣ್ಣ ತಂದರು. ನಾನು ಡಬ್ಬಿಯ ಮೇಲೆ ಬಳಿಯತೊಡಗಿದೆ, ಮಗಳು ತನ್ನ ಮುಖದ ಮೇಲೆ. ಬಸ್ಸಿಗೆ ಕಾಯುತ್ತಿದ್ದ ನರಸಮ್ಮ ಕೂಗಿದಳು: “ನೋಡ್ರೇ, ಗುಟ್ಟು ಮುಚ್ತಾವ್ಳೆ!”

“ಗುಟ್ಟೇನಿಲ್ಲ ಅಜ್ಜೀ,” ಗಂಗೋತ್ರಿ ಕುಂಚ ಎತ್ತಿ ಹಿಡಿದು ಕೂಗಿದಳು. “ಬರೀ ರಾಗಿ. ನಾನೇ ಕಾಯ್ಸ್ಕೊಂಡ್ ಕುಡಿಯಾದು!”

ನರಸಮ್ಮ ಪಕ್ಕದವಳ ಪಕ್ಕೆ ತಿವಿದಳು.

“ಮಗ್ಳಿಗೂ ಹೇಳ್ಕೊಟ್ಟವ್ಳೆ.”