ದೀರ್ಘವಿಲ್ಲದ ಉತ್ತರ

ಗುರುವಾರ ಬೆಳಿಗ್ಗೆ 11.10. ಮೂರನೇ ತರಗತಿಯ ಮೋಕ್ಷಿತಾ ಎದ್ದು ನಿಂತು ಒಂದೇ ಪದದ ಉತ್ತರ ಕೊಟ್ಟಳು. ಶಿಕ್ಷಕರು ಮತ್ತೆ ಕೇಳಿದರು, ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಮಲ ಆ ಪದವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಮಾದಾಪುರದಿಂದ ನಾಲ್ಕು ಕಿಲೋಮೀಟರ್ ಒಳಗೆ, ಎರಡು ಎಸ್ಟೇಟುಗಳ ನಡುವೆ ಇರುವ ಕಿರಿಯ ಪ್ರಾಥಮಿಕ ಶಾಲೆ ಅದು. ಮಕ್ಕಳು ಇಪ್ಪತ್ತಮೂರು, ಶಿಕ್ಷಕರು ಇಬ್ಬರು. ಮುಖ್ಯ ಶಿಕ್ಷಕರು ಆ ವಾರ ತರಬೇತಿಗೆ ಹೋಗಿದ್ದರಿಂದ ಐದೂ ತರಗತಿ ಶಶಿಕುಮಾರ್ ಒಬ್ಬರ ಮೇಲಿತ್ತು. ಶಶಿಕುಮಾರ್‌ಗೆ ಇಪ್ಪತ್ತಾರು ವರ್ಷ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಮನೆ ಕುಶಾಲನಗರದ ಹತ್ತಿರ. ಅವರ ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು. ಕಮಲ ಈ ಭಾಗದ ಸಿಆರ್‌ಪಿ, ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ಸುತ್ತಲಿನ ಹದಿನಾಲ್ಕು ಶಾಲೆಗಳಿಗೆ ಹೋಗಿ ಪಾಠ ನೋಡುವುದು, ಆಮೇಲೆ ಶಿಕ್ಷಕರೊಂದಿಗೆ ಕೂತು ಮಾತಾಡುವುದು ಅವರ ಕೆಲಸ.

ಆ ಕೆಲಸಕ್ಕೆ ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆಗಳಿವೆ. ಶಿಕ್ಷಕರ ಕುರ್ಚಿಯಲ್ಲಿ ಕೂರುವುದಿಲ್ಲ. ಕಿವಿಗೆ ಬಿದ್ದದ್ದನ್ನು ಬಿಟ್ಟು ಬೇರೇನೂ ಬರೆಯುವುದಿಲ್ಲ: ಪುಟದ ಎಡಕ್ಕೆ ಶಿಕ್ಷಕರ ಮಾತು, ಬಲಕ್ಕೆ ಮಕ್ಕಳ ಮಾತು. ‘ಚೆನ್ನಾಗಿತ್ತು’, ‘ಸಾಲದು’ ಎಂಬ ಪದಗಳು ಆ ಪುಸ್ತಕದಲ್ಲಿ ಯಾರಿಗೂ ಸಿಕ್ಕಿಲ್ಲ. ಮಾತುಕತೆ ಮುಗಿದ ಮೇಲೆ ಹಾಳೆಯನ್ನು ಹರಿದು ಶಿಕ್ಷಕರಿಗೇ ಕೊಟ್ಟುಬಿಡುತ್ತಾರೆ. ಇಲಾಖೆಗೆ ಹೋಗುವ ನಮೂನೆ ಬೇರೆ. ನಾಲ್ಕು ವರ್ಷದಲ್ಲಿ ಅವರು ಒಬ್ಬ ಶಿಕ್ಷಕರಿಗೂ ಮಕ್ಕಳೆದುರು ತಪ್ಪು ಹೇಳಿಲ್ಲ.

ಮಧ್ಯಾಹ್ನ 1.20ಕ್ಕೆ ಮಕ್ಕಳ ಊಟ ಮುಗಿದ ಮೇಲೆ ಇಬ್ಬರೂ ತಟ್ಟೆ ಹಿಡಿದು ಜಗಲಿಯಲ್ಲಿ ಕೂತರು. ಶಶಿಕುಮಾರ್ ತಾವಾಗಿಯೇ ಶುರುಮಾಡಿದರು.

“ನೋಡಿದ್ರಲ್ಲ ಮೇಡಂ ಆ ಹುಡುಗೀನ? ಇದು ಮೂರನೇ ಸಲ. ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳ್ತಾಳೆ. ಇಡೀ ಕ್ಲಾಸು ನಗುತ್ತೆ. ಮಂಗಳವಾರ ಮನೆಗೆ ಚೀಟಿ ಕಳ್ಸಿದೀನಿ, ಇವತ್ತು ಮೂರೂವರೆಗೆ ಅವರ ಅಜ್ಜ ಬರ್ತಾರೆ.”

“ಚೀಟಿಯಲ್ಲಿ ಎಂತ ಬರ್ದಿದ್ದೀರಿ?”

“ಮಗು ಸುಳ್ಳು ಹೇಳುತ್ತಾಳೆ, ಪೋಷಕರು ಬಂದು ಕಾಣುವುದು ಅಂತ.”

ಆ ಚೀಟಿ ಮಾಡಿದ ಕೆಲಸ ಕಮಲ ಅವರಿಗೆ ಆಗಲೇ ಗೊತ್ತಿತ್ತು. ಬೆಳಗಿನ ಬಿಡುವಿನಲ್ಲಿ ನಲ್ಲಿಯ ಹತ್ತಿರ ಒಬ್ಬಳೇ ನಿಂತಿದ್ದ ಮೋಕ್ಷಿತಾ ಹೇಳಿದ್ದಳು: ದಿನವೂ ಕೈ ಹಿಡಿದು ಶಾಲೆಗೆ ಬಿಡುವ ಅಜ್ಜ ಮೊಣ್ಣಪ್ಪ ಎರಡು ದಿನದಿಂದ ಅವಳೊಂದಿಗೆ ಮಾತು ಬಿಟ್ಟಿದ್ದಾರೆ. ದಾರಿಯಲ್ಲಿ ಹತ್ತು ಹೆಜ್ಜೆ ಮುಂದೆ ನಡೆಯುತ್ತಾರೆ. ಹಿಂತಿರುಗಿ ನೋಡುವುದಿಲ್ಲ.

ಕಮಲ ಅದನ್ನು ತಕ್ಷಣ ಹೇಳಲಿಲ್ಲ. ಪುಸ್ತಕ ತೆರೆದು ಇಬ್ಬರ ನಡುವೆ ಇಟ್ಟರು.

“ಬನ್ನಿ, ಓದುವ. ಎಡಗಡೆಯದ್ದು ನಾನು ಓದ್ತೇನೆ. ನೀವು ಮೋಕ್ಷಿತಾ.”

“ನಾನು ಮೋಕ್ಷಿತಾನಾ?”

“ಎರಡು ಜಡೆ ಹಾಕೋದು ಬೇಡ, ಓದಿದ್ರೆ ಸಾಕು.”

ಶಶಿಕುಮಾರ್ ನಕ್ಕು ಪುಸ್ತಕದ ಕಡೆ ಬಾಗಿದರು. ಕಮಲ ಓದಿದರು: “ಮೋಕ್ಷಿತಾ, ಹೋಂವರ್ಕ್ ಬುಕ್ ಎಲ್ಲಿ?”

“ಇಲ್ಲೇ.”

“ಇಲ್ಲೇ ಅಂದ್ರೆ ಎಲ್ಲಿ? ತೋರ್ಸು.”

ಬಲಗಡೆ ‘ಮಕ್ಕಳು ನಕ್ಕರು’ ಎಂದಷ್ಟೇ ಇತ್ತು.

“ಬ್ಯಾಗಲ್ಲಿದೆಯಾ?”

“ಇಲ್ಲೇ,” ಎಂದು ಓದಿದ ಶಶಿಕುಮಾರ್ ಅಲ್ಲಿಗೆ ನಿಲ್ಲಿಸಿದರು. ಜೇಬಿನಿಂದ ಪೆನ್ನು ತೆಗೆದರು. “ಮೇಡಂ, ತಪ್ಪು ತಿಳ್ಕೋಬೇಡಿ, ಇಲ್ಲಿ ದೀರ್ಘ ಬಿಟ್ಟುಹೋಗಿದೆ. ಎರಡು ಕಡೆನೂ ‘ಇಲ್ಲೆ’ ಅಂತ ಬರ್ದಿದೀರಿ. ‘ಇಲ್ಲೇ’ ಆಗ್ಬೇಕು. ತಿದ್ಲಾ?”

“ನಿಮ್ಮ ಮಾತಿನ ಸಾಲಲ್ಲಿ?”

“ಇಲ್ಲಿ ಸರಿಯಾಗಿದೆ. ‘ಇಲ್ಲೇ ಅಂದ್ರೆ ಎಲ್ಲಿ’... ದೀರ್ಘ ಇದೆ.”

“ಹಂಗಾದ್ರೆ ನಂಗೆ ದೀರ್ಘ ಬರೀಲಿಕ್ಕೆ ಗೊತ್ತುಂಟು ಅಂತಾಯ್ತು.”

ಪೆನ್ನು ಹಾಳೆಯ ಮೇಲೆಯೇ ನಿಂತಿತು. ಕಮಲ ಅಡುಗೆಕೋಣೆಯ ಕಡೆ ತಿರುಗಿ ಕೂಗಿದರು.

“ವಿಮಲಕ್ಕ, ಸಾರು ಉಟ್ಟಾ?”

“ಇಲ್ಲೆ! ಖಾಲಿ ಆತ್!” ಬಿಸಿಯೂಟದ ವಿಮಲಮ್ಮ ಪಾತ್ರೆಯೊಂದಿಗೇ ಬಾಗಿಲಿಗೆ ಬಂದು ಅದನ್ನು ಬೋರಲು ಹಿಡಿದು ತೋರಿಸಿದರು. ಶಶಿಕುಮಾರ್ ಅವರನ್ನು ಕಂಡವರೇ ಶಾಲೆಯ ಕನ್ನಡಕ್ಕೆ ಬಂದರು. “ನಿಮಗೆ ಬೇಕಿತ್ತಾ ಸರ್? ಇಲ್ಲ ಸರ್, ಮುಗೀತು. ಈ ಮೇಡಂಗೆ ಯಾವಾಗ್ಲೂ ಪಾತ್ರೆ ತೊಳೆಯೋ ಹೊತ್ತಿಗೇ ಹಸಿವು.”

ಶಶಿಕುಮಾರ್ ಬೋರಲು ಪಾತ್ರೆಯನ್ನು ನೋಡಿದರು, ಹಾಳೆಯನ್ನು ನೋಡಿದರು. ಈ ಭಾಗದ ಅರೆಭಾಷೆಯಲ್ಲಿ ‘ಉಟ್ಟಾ’ ಎಂದರೆ ‘ಇದೆಯಾ’, ‘ಇಲ್ಲೆ’ ಎಂದರೆ ‘ಇಲ್ಲ’. ಅದು ವಿಮಲಮ್ಮನ ಮನೆಮಾತು, ಮೋಕ್ಷಿತಾಳ ಮನೆಮಾತು, ಕಮಲ ಅವರದೂ.

“ಅವಳು ಇಲ್ಲ ಅಂತಿದ್ಳು,” ಎಂದರು ಶಶಿಕುಮಾರ್. “ನಾನು ಅದನ್ನ ತೋರ್ಸು ಅಂತಿದ್ದೆ. ಮಕ್ಕಳು ನಗ್ತಿದ್ದಿದ್ದು ನನ್ನ ಪ್ರಶ್ನೆಗೆ.”

“ಹೌದು.”

“ಆದ್ರೆ ಮೇಡಂ, ನನ್ನ ಹತ್ರ ಯಾರೂ ಹಂಗೆ ಅನ್ನಲ್ಲ. ಈಗ ವಿಮಲಮ್ಮನೂ ಅನ್ಲಿಲ್ಲ.”

“ನಿಮ್ಮ ಹತ್ರ ಎಲ್ರೂ ಶಾಲೆ ಕನ್ನಡವೇ ಆಡ್ತಾರೆ. ಆ ಮಗುವೂ ಅಷ್ಟೆ. ಹೆದರಿಕೆ ಆದಾಗ ಮಾತ್ರ ಮನೆಮಾತು ಬರ್ತದೆ.”

“ನೀವು ಆಗ್ಲೇ ಹೇಳ್ಬೋದಿತ್ತು.”

“ಹನ್ನೊಂದು ಗಂಟೆಗೆ ಹೇಳಿದ್ರೆ ಮಕ್ಕಳು ಇನ್ನೊಂದು ಸಲ ನಗ್ತಿದ್ರು. ನಾಳೆ ಅವರ ಮುಂದೆ ನಿಲ್ಲೋರು ನೀವು, ನಾನಲ್ಲ.” ಆಮೇಲೆ ಮೊಣ್ಣಪ್ಪ ಮಾತು ಬಿಟ್ಟಿರುವ ವಿಷಯ ಹೇಳಿದರು.

ಶಶಿಕುಮಾರ್ ತಟ್ಟೆ ಕೆಳಗಿಟ್ಟರು. “ಬುಕ್ ಯಾಕಿಲ್ಲ ಅಂತ ಕೇಳಿದ್ರಾ?”

“ನಾನು ಕೇಳಿಲ್ಲ. ಅದು ನೀವು ಕೇಳ್ಬೇಕಾದ ಪ್ರಶ್ನೆ.”

ಅವರು ಎದ್ದು ಹೋದರು. ಅಂಗಳದ ಮೂಲೆಯಲ್ಲಿ ಮೋಕ್ಷಿತಾಳ ಎದುರು ಕುಕ್ಕರಗಾಲಿನಲ್ಲಿ ಕೂತು ಮಾತಾಡಿ ಐದು ನಿಮಿಷಕ್ಕೆ ವಾಪಸು ಬಂದರು. ಬುಕ್ಕಿನ ಹಾಳೆ ಮುಗಿದು ಎರಡು ವಾರ ಆಗಿತ್ತು. ಅಜ್ಜನಿಗೆ ಅವಳು ಅಂದೇ ಹೇಳಿದ್ದಳು. ಮಾದಾಪುರಕ್ಕೆ ಹೋದಾಗ ತರುತ್ತೇನೆ ಎಂದಿದ್ದ ಅಜ್ಜ ಮರೆತಿದ್ದರು. ಮತ್ತೆ ಕೇಳೋಣವೆಂದರೆ ಅಜ್ಜ ಈಗ ಮಾತಾಡುತ್ತಿಲ್ಲ.

“ಮೂರೂವರೆಗೆ ನೀವೂ ಇರಿ ಮೇಡಂ.”

“ಎರಡು ಐವತ್ತಕ್ಕೆ ನಂಗೆ ಬಸ್ಸು. ಚೀಟಿ ಬರ್ದವರು ಇದ್ರೆ ಸಾಕು.” ಕಮಲ ಹಾಳೆ ಹರಿದು ಅವರ ಕೈಗೆ ಕೊಟ್ಟರು.

ಮೊಣ್ಣಪ್ಪ 3.25ಕ್ಕೇ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ನಾಲ್ಕು ಮಡಿಕೆಯ ಚೀಟಿ. ಮೋಕ್ಷಿತಾ ಚೀಲ ಹೊತ್ತು ಬಾಗಿಲ ಬಳಿ ನಿಂತಿದ್ದಳು. ಅವರು ಅವಳ ಕಡೆ ನೋಡಲಿಲ್ಲ.

“ಮಾಸ್ಟ್ರೇ, ನಮ್ಮ ಮನೇಲಿ ಸುಳ್ಳು ಹೇಳಿದವರಿಲ್ಲ. ಇವಳು ಎಲ್ಲಿ ಕಲ್ತಳೋ.”

“ಅವಳು ಸುಳ್ಳು ಹೇಳಿಲ್ಲ. ತಪ್ಪು ನಂದು.” ಶಶಿಕುಮಾರ್ ಹಾಳೆಯನ್ನು ಅವರ ಮುಂದಿಟ್ಟು ಸಾಲುಗಳನ್ನು ತೋರಿಸಿದರು.

ಮೊಣ್ಣಪ್ಪ ಕನ್ನಡಕ ಹಾಕಿ ಎರಡು ಸಲ ಓದಿದರು. “ಇಲ್ಲೆ ಅಂದದ್ದಕ್ಕೆ ಎಲ್ಲಿ ಅಂತ ಕೇಳಿದ್ರಾ?”

“ಕೇಳ್ದೆ.”

“ಮೂರು ಸಲ?”

“ಮೂರು ಸಲ.”

“ಸರಿ. ಬುಕ್ ಯಾಕೆ ಇರ್ಲಿಲ್ಲ?”

ಶಶಿಕುಮಾರ್‌ಗೆ ಉತ್ತರ ಗೊತ್ತಿತ್ತು. ಅದನ್ನು ಹೇಳಿದ್ದರೆ ತಪ್ಪಿನಲ್ಲಿ ಅರ್ಧ ಮೊಣ್ಣಪ್ಪ ಅವರ ಪಾಲಿಗೆ ಹೋಗುತ್ತಿತ್ತು. “ಅವಳನ್ನೇ ಕೇಳಿ,” ಎಂದರು.

ಮೊಣ್ಣಪ್ಪ ಬಾಗಿಲ ಕಡೆ ತಿರುಗಿದರು. ಮಂಗಳವಾರದ ನಂತರ ಅವಳೊಂದಿಗೆ ಆಡಿದ ಮೊದಲ ಮಾತು ಅದು.

“ಎಂತಕ್ಕೆ ಬುಕ್ ಇಲ್ಲೆ?”

“ಖಾಲಿ ಆತ್ ಅಜ್ಜ. ನಿಮ್ಮ ಹತ್ರ ಹೇಳಿದ್ದೆ.”

ಮೊಣ್ಣಪ್ಪ ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು. “ಮರ್ತೇ ಹೋತ್,” ಎಂದರು, ಮೊಮ್ಮಗಳಿಗೆ.

ಶಶಿಕುಮಾರ್ ಚೀಟಿಯನ್ನು ಕೇಳಿ ಪಡೆದರು. ತಮ್ಮ ಹಳೆಯ ಸಾಲಿನ ಕೆಳಗೆ ‘ಮಗು ನಿಜ ಹೇಳಿದ್ದಾಳೆ, ನಾನು ತಪ್ಪಾಗಿ ಕೇಳಿಸಿಕೊಂಡೆ’ ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿ ವಾಪಸು ಕೊಟ್ಟರು. ಮೊಣ್ಣಪ್ಪ ಅದನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು.

“ನಿಮಗೆ ಇನ್ನೂ ನಾಲ್ಕು ಮಾತು ಕಲೀಲಿಕ್ಕುಂಟು ಮಾಸ್ಟ್ರೇ. ಭಾನುವಾರ ಮನೆಗೆ ಬನ್ನಿ, ಕಾಫಿ ಕುಡಿತಾ ಕಲಿಸ್ತೇನೆ.”

ಮೊಮ್ಮಗಳ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡು ಅವರು ಹೊರಟರು.

ಶುಕ್ರವಾರ ಹಾಜರಿ ಕರೆಯುವ ಮೊದಲು ಶಶಿಕುಮಾರ್ ಚೀಟಿಯಲ್ಲಿ ಬರೆದದ್ದನ್ನೇ ತರಗತಿಯ ಮುಂದೆ ಹೇಳಿದರು. ಮಕ್ಕಳು ನಕ್ಕರು, ಅವರೂ ನಕ್ಕರು.

ಶನಿವಾರ ಮೋಕ್ಷಿತಾ ಹೊಸ ಬುಕ್ ತಂದಳು. ಬಾಕಿಯಿದ್ದ ಆರು ಲೆಕ್ಕಗಳನ್ನೂ ಮಾಡಿದ್ದಳು. ಅದರಲ್ಲಿ ನಾಲ್ಕು ಸರಿಯಿದ್ದವು.