ರೂಪಲಪ್ಪನಿಗೆ ಕಾಣದ ಕೆಂಪು

"ಗಂಗೀಬಾಯಿ, ಪಂಪ್ ಮುಟ್ಟಬ್ಯಾಡ್ರಿ!"

ಸೂಪರ್‌ವೈಸರ್ ದಿನಕರ ಕೂಗುತ್ತಲೇ ಓಡಿ ಮೇನ್ ಸ್ವಿಚ್ ಬಂದ್ ಮಾಡಿದರು. ಅವರು ಆಗಷ್ಟೇ ಟೆಸ್ಟರ್ ಇಟ್ಟು ನೋಡಿದ್ದರು. ಪಂಪಿನ ಮೈತುಂಬ ಕರೆಂಟು! ಕೊಡ ಹಿಡಿದು ನೀರಿಗೆ ಬಂದಿದ್ದ ಕೂಲಿಯಾಳು ಗಂಗೀಬಾಯಿಯ ಒದ್ದೆ ಕೈ ಪಂಪಿನಿಂದ ಗೇಣು ದೂರದಲ್ಲಿತ್ತು.

ವಾಳಪೈ ಊರಿನ ಹತ್ತಿರ ಏಳುತ್ತಿದ್ದ ಆ ಹೊಸ ಕಟ್ಟಡಕ್ಕೆ ವೈರಿಂಗ್ ಮಾಡುವವನು ವಿಜಾಪುರ ಕಡೆಯ ರೂಪಲಪ್ಪ. ಪಂಪಿಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಸಿರು ಅರ್ಥಿಂಗ್ ತಂತಿ ಇರಬೇಕಾದಲ್ಲಿ ಕರೆಂಟಿನ ಕೆಂಪು ತಂತಿ ಸೇರಿಸಿಬಿಟ್ಟಿದ್ದ.

"ಕುಡದು ಬಂದಿದ್ದೀಯೇನೋ?" ದಿನಕರ ಗದರಿದರು.

ಅವನ ಹೆಂಡತಿ ದೇವಿಬಾಯಿ ಅಳುತ್ತ ಬಂದಳು. "ಕುಡದಿಲ್ರಿ ಸಾಹೇಬ್ರ. ಅವರಿಗೆ ಕೆಂಪು, ಹಸರು ಒಂದ ಥರಾ ಕಾಣತಾವ. ದಿನಾ ನಾನ ತಂತಿ ಆರಿಸಿ ಕೈಯಾಗ ಕೊಡತಿದ್ದೆ. ನಿನ್ನೆ ಜ್ವರ ಬಂದು ಮಲಗಿದ್ನಿ."

ಎಂಥ ಧೈರ್ಯ ನೋಡಿ! ಆರು ವರ್ಷ ಗಂಡ ಹೆಂಡತಿ ಹೀಗೇ ನಡೆಸಿದ್ದರು.

"ಹೇಳಿದ್ರ ಕೆಲಸಾ ಹೋಗತಿತ್ರಿ," ಎಂದ ರೂಪಲಪ್ಪ.

"ಹೇಳದಿದ್ದಕ್ಕ ನನ್ನ ಜೀವಾನ ಹೋಗತಿತ್ತಲ್ಲೋ!" ಗಂಗೀಬಾಯಿ ಒದ್ದೆ ಕೈ ಚಾಚಿ ತೋರಿಸಿದಳು.

ಮರುದಿನ ದಿನಕರ ಅವನನ್ನು ಕಣ್ಣಿನ ದವಾಖಾನೆಗೆ ಕರೆದೊಯ್ದರು. ತಪಾಸಣೆ ಮಾಡುವ ಅಶ್ವಿನಿ ಧಾರವಾಡದವರು. ಇದು ಹುಟ್ಟಿನಿಂದ ಬಂದ ಬಣ್ಣಗುರುಡು, ಗುಳಿಗೆಗೆ ಹೋಗುವುದಲ್ಲ ಎಂದರು. ಆಮೇಲೆ ಅಂಗೈಯಗಲದ ಒಂದು ಯಂತ್ರ ತೋರಿಸಿದರು.

"ಇದನ್ನ ತಂತಿ ಮ್ಯಾಲ ಇಟ್ಟು ಗುಂಡಿ ಒತ್ರಿ. ಯಾವ ಬಣ್ಣ ಅಂತ ಬಾಯಿ ಬಿಟ್ಟು ಹೇಳತೈತಿ. ತಂತಿ ಸಣ್ಣದಿದ್ರ ಮಡಚಿ ಒತ್ತೊತ್ತಾಗಿ ಹಿಡೀರಿ."

"ಮಷೀನ ತಪ್ಪ ಹೇಳಿದ್ರ?" ರೂಪಲಪ್ಪ ಕೇಳಿದ.

"ಅದಕ್ಕ ಮೊದಲ ಮೇನ್ ಬಂದ್ ಮಾಡ್ರಿ. ಕಡೀಕ ಟೆಸ್ಟರ್ ಇಡ್ರಿ. ಇನ್ನೊಬ್ಬರ ಕಣ್ಣಿಗೂ ತೋರಸ್ರಿ. ಒಂದ ವಾರ ಒಯ್ದು ನೋಡ್ರಿ, ಆಮ್ಯಾಲ ನಿಮ್ಮದ ಒಂದ ತರಸ್ರಿ."

ಸಂಜೆ ಹೆಂಗಸರೆಲ್ಲ ಕೊಡ ಹಿಡಿದು ಪಂಪಿನಿಂದ ದೂರ ನಿಂತಿದ್ದರು. ಮೇನ್ ಸ್ವಿಚ್ ಬಂದ್ ಆಗಿತ್ತು. ಕೆಂಪೆಂದುಕೊಂಡ ತಂತಿಯ ಮೇಲೆ ರೂಪಲಪ್ಪ ಯಂತ್ರ ಇಟ್ಟ.

"ಗ್ರೀನ್," ಎಂದಿತು.

ದೇವಿಬಾಯಿ ಹೌದೆಂದು ತಲೆಯಾಡಿಸಿದಳು. ತಂತಿಗಳನ್ನು ಸರಿಯಾಗಿ ಸೇರಿಸಿದ. ದಿನಕರ ಸ್ವಿಚ್ ಹಾಕಿ ಪಂಪಿಗೆ ಟೆಸ್ಟರ್ ಇಟ್ಟರು. ಟೆಸ್ಟರಿನ ದೀಪ ಹತ್ತಲಿಲ್ಲ.

"ಅಕ್ಕಾರ, ಈಗ ನೀರ ತಗೋರಿ," ಎಂದ ರೂಪಲಪ್ಪ.

ಗಂಗೀಬಾಯಿ ಹಿಂದೆ ಸರಿದಳು. "ನಾ ಒಲ್ಲೆಪಾ. ಮೊದಲ ನಿನ್ನ ಹೆಂಡ್ತಿ ಮುಟ್ಟಲಿ."

ದೇವಿಬಾಯಿ ಮುಂದೆ ಬಂದಳು. ರೂಪಲಪ್ಪ ಅವಳ ಕೈಯಿಂದ ಕೊಡ ಕಸಿದುಕೊಂಡು ತಾನೇ ಪಂಪಿನ ಮೇಲೆ ಕೈಯಿಟ್ಟ. ಏನೂ ಆಗಲಿಲ್ಲ. ನೀರು ಬಂತು. ಅವನು ಅಲ್ಲೇ ಕುಳಿತು ಅತ್ತುಬಿಟ್ಟ.

"ಸಾಕೇಳೋ," ಗಂಗೀಬಾಯಿ ಕೊಡ ಮುಂದಿಟ್ಟಳು. "ಮೊದಲ ಹೇಳಿದ್ರ ನಿನ್ನ ಯಾರ ನುಂಗತಿದ್ರು?"

ಅಣ್ಣಂದಿರೇ, ಅಕ್ಕಂದಿರೇ, ಕೆಂಪು-ಹಸಿರು ಒಂದೇ ಎನ್ನುವವರು ನಿಮ್ಮ ಮನೆಯಲ್ಲಿದ್ದರೆ ಮುಚ್ಚಿಡಬೇಡಿ. ಇದರಲ್ಲಿ ನಾಚಿಕೆಯೇನು? ಕಣ್ಣು ತೋರಿಸಿ. ಬಣ್ಣ ಹೇಳುವ ಯಂತ್ರದ ಬಗ್ಗೆ ವಿಚಾರಿಸಿ. ನೀವು ಜೋಡಿಸಿದ ಪಂಪನ್ನು ಮುಟ್ಟುವುದು ಇನ್ನೊಬ್ಬರ ಕೈ.