ವಾಟಿಯ ಎಂಟು ಗಜ

“ಇದನ್ನ ಉಟ್ಕೊಂಡು ಚರ್ಚ್ ಬಾಗಿಲಲ್ಲಿ ನಿಂತ್ರೆ, ಒಂದು ಗಾಳಿ ಬೀಸಿದ್ರೆ ಸಾಕು, ಪಾದ್ರಿ ಕಣ್ಣು ಮುಚ್ಕೋಬೇಕಾಗತ್ತೆ,” ಅಂದ ನನ್ನ ತಮ್ಮ ವಾಟಿ.

ನಾನು ಆರಿಸಿದ್ದ ತೆಳು ಉಣ್ಣೆಬಟ್ಟೆಯನ್ನು ಎರಡೇ ಬೆರಳಲ್ಲಿ ಎತ್ತಿ, ಸತ್ತ ಮೀನನ್ನು ಬಿಟ್ಟ ಹಾಗೆ ಮೇಜಿನ ಮೇಲೆ ಬಿಟ್ಟ. ಹಾವಿಕ್ ಊರಿನ ಆ ಉಣ್ಣೆ ಮಿಲ್ ಅಂಗಡಿಗೆ ನಾವು ಬಂದು ಒಂದೂವರೆ ಗಂಟೆಯಾಗಿತ್ತು. ಅಲ್ಲಿದ್ದದ್ದು ಒಂದೇ ಕುರ್ಚಿ, ಅದರಲ್ಲಿ ಅವನು ಕೂತಿದ್ದ.

ಮುಂದಿನ ತಿಂಗಳು ಅವನ ಮಗಳು ಕರ್ಸ್ಟಿಯ ಮದುವೆ. ಅವಳ ಕೈ ಹಿಡಿದು ಚರ್ಚಿನೊಳಗೆ ನಡೆಸಿಕೊಂಡು ಹೋಗಬೇಕಾದವನು ಅವನೇ. ಚಳಿಗಾಲದಲ್ಲಿ ಹೃದಯದ ಆಪರೇಷನ್ ಆದಮೇಲೆ ಮೈ ಇಳಿದುಹೋಗಿ, ಅವನ ಹಳೆಯ ಕಿಲ್ಟ್, ನಮ್ಮ ಕಡೆ ಗಂಡಸರು ಹಬ್ಬ ಮದುವೆಗೆ ಉಡುವ ನೆರಿಗೆ ಲಂಗ, ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಹುಳ ಬೇರೆ ತಿಂದಿತ್ತು. ಹೊಸದನ್ನು ಮನೆಯಲ್ಲೇ ಹೊಲಿದುಕೊಡುತ್ತೇನೆ ಅಂತ ನಾನು ಹೇಳಿಬಿಟ್ಟಿದ್ದೆ. ಹೇಳುವಾಗ ಸುಲಭವಾಗಿತ್ತು. ಇವತ್ತು ಅಂಗಡಿಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಎರಡು ಸಲ ನಿಂತದ್ದನ್ನು ನೋಡಿಯೇ ನಾನು ತೆಳುಬಟ್ಟೆಗೆ ಕೈ ಹಾಕಿದ್ದು.

“ಭಾರದ್ದು ತೆಗೀರಿ ತಾಯಿ,” ಅಂದ ಅಂಗಡಿಯ ಮಿಸೆಸ್ ಲೈಡ್ಲಾಗೆ. “ನಮ್ಮಪ್ಪ ಉಡ್ತಿದ್ದಂಥದ್ದು. ಪೂರ್ತಿ ಎಂಟು ಗಜ.”

ಆಕೆ ವಾದಕ್ಕೆ ಇಳಿಯಲಿಲ್ಲ. ಕಡುಹಸಿರು ಚೌಕುಳಿಯ ದಪ್ಪ ಬಟ್ಟೆ, ಸರಿಯಾಗಿ ಎಂಟು ಗಜದ ತುಂಡು, ತಂದು ಅವನ ತೋಳಿನ ಮೇಲೆ ಹೇರಿದಳು.

“ಬಾಗಿಲ ತನಕ ಹೋಗಿ ಬನ್ನಿ. ಆಮೇಲೆ ಮಾತಾಡೋಣ.”

ಹೋಗಿ ಬಂದ. ಬರುವಷ್ಟರಲ್ಲಿ ಮುಖ ಬಿಳಿಚಿಕೊಂಡಿತ್ತು. ಕುರ್ಚಿಗೆ ಕುಸಿದ.

“ಏನೂ ಆಗಿಲ್ಲ,” ಅಂದ.

“ಕಾಣ್ತಿದೆಯಲ್ಲ,” ಅಂದೆ.

“ಆದ್ರೂ ನಿನ್ನ ಆ ತೆಳು ಕರ್ಟನ್ ಬಟ್ಟೆ ಬೇಡ ಕಣೆ ಎಫಿ. ಮಗಳ ಪಕ್ಕ ನಡೆಯೋವಾಗ ಆಸ್ಪತ್ರೆ ಮಂಚದಿಂದ ಎದ್ದು ಬಂದೋನ ಹಾಗೆ ಕಾಣಬಾರದು ನಾನು.”

ನಿಂತು ನಿಂತು ನನ್ನ ಕಾಲು ಊದಿತ್ತು. ಎಂಟು ಗಜವನ್ನು ಒತ್ತೊತ್ತು ನೆರಿಗೆ ಹಿಡಿದು ಕೈಯಲ್ಲೇ ಹೊಲಿಯಬೇಕಾದ ಸಂಜೆಗಳು ಕಣ್ಣಮುಂದೆ ಸಾಲಾಗಿ ನಿಂತಿದ್ದವು.

ಮಿಸೆಸ್ ಲೈಡ್ಲಾ ಕಪಾಟಿನ ಕೆಳಗಿಂದ ಅದೇ ಬಟ್ಟೆಯ ಇನ್ನೊಂದು ತುಂಡು ಎಳೆದಳು. “ಇದು ನಾಲ್ಕೇ ಗಜ. ಹಿಂದಿನೋರು ಉಡ್ತಿದ್ದದ್ದು ಇಷ್ಟೇ, ಎಂಟು ಗಜ ಎಲ್ಲ ಆಮೇಲೆ ಬಂದದ್ದು. ಪೆಟ್ಟಿಗೆ ಥರ ಅಗಲ ನೆರಿಗೆ ಹಾಕಿದ್ರೆ ಆಯ್ತು. ಬಟ್ಟೆ ಇದೇ, ಭಾರ ಅರ್ಧ. ನಿಮ್ಮಕ್ಕನ ಕಣ್ಣೂ ಉಳಿಯತ್ತೆ.”

“ಅರ್ಧ ಕಿಲ್ಟ್ ಉಟ್ಕೊಂಡು ಬಂದ ಅಂತ ನಗ್ತಾರೆ.”

“ನೆರಿಗೆ ಎಲ್ಲ ಹಿಂದೆ ಇರೋದು, ಮುಂದಿನಿಂದ ಎರಡೂ ಒಂದೇ ಥರ ಕಾಣತ್ತೆ ಕಣೋ,” ಅಂದೆ. “ನಿನ್ನ ಹಿಂಭಾಗ ನೋಡಬೇಕು ಅಂತ ಹಾವಿಕ್‌ನಲ್ಲಿ ಯಾರಪ್ಪಾ ಕಾದು ಕೂತಿದ್ದಾರೆ?”

ಮಿಸೆಸ್ ಲೈಡ್ಲಾ ನಗು ತಡೆಯಲು ಕತ್ತರಿ ಹುಡುಕುವ ನೆಪ ಮಾಡಿದಳು. ವಾಟಿ ನಗಲಿಲ್ಲ. ನಾಲ್ಕು ಗಜದ ತುಂಡಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. ಆಮೇಲೆ ಎದ್ದು, ಅದನ್ನು ತೋಳಿನ ಮೇಲೆ ಹಾಕಿಕೊಂಡು ಬಾಗಿಲ ತನಕ ನಡೆದ. ಮದುವೆಯ ನಡಿಗೆಯಷ್ಟೇ ನಿಧಾನ. ತಿರುಗಿದ. ವಾಪಸ್ ಬಂದ.

“ಭಾರ ಇದೆಯಾ?” ಅಂತ ಕೇಳಿದೆ.

“ಕಿಲ್ಟ್ ಅಂದ್ಮೇಲೆ ಇಷ್ಟಾದ್ರೂ ಇರ್ಬೇಕಲ್ಲ,” ಅಂದ.

ಮೇಜಿನ ಪಕ್ಕ ನಿಂತೇ ಇದ್ದ. ಕುರ್ಚಿ ಖಾಲಿಯಿತ್ತು. ನಾನು ಹೋಗಿ ಅದರಲ್ಲಿ ಕೂತು ಬೂಟು ಸಡಿಲ ಮಾಡಿಕೊಂಡೆ.